ಅರ್ಧ ಗಂಟೆಯ ಉಪ್ಪು

ಸಲೈನ್ ತಯಾರಿಸುವ ಆ ಕಾರ್ಖಾನೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಹನಿಯಕ್ಕ ಅಂತಲೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಬ್ಯೂರೆಟ್ಟಿನ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ದ್ರಾವಣ ಇಳಿಸಿ, ಹಳದಿ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿದ ಗಳಿಗೆಯಲ್ಲೇ ತಿರುಪು ಮುಚ್ಚಿ, ಸಲೈನಿನಲ್ಲಿ ಉಪ್ಪು ಎಷ್ಟಿದೆ ಎಂದು ಹೇಳಿದವಳು. ಈಗ ಪಕ್ಕದ ಮೇಜಿಗೆ ಮೀಟರು ಬಂದಿತ್ತು. ಕಡ್ಡಿ ಅದ್ದಿದರಾಯಿತು, ಅರೆ ನಿಮಿಷದಲ್ಲಿ ಅಂಕಿ. ಅದರ ಜೊತೆಗೆ ಒಬ್ಬಳು ಹೊಸ ಕೆಮಿಸ್ಟ್ ಹುಡುಗಿಯೂ ಬಂದಿದ್ದಳು.

"ಒಂದು ವಾರ ಎರಡೂ ನಡೀಲಿ," ಅಂದಿದ್ದರು ಮ್ಯಾನೇಜರ್. "ಕೈಕೆಲಸದಲ್ಲಿ ಒಂದೇ ಒಂದು ತಪ್ಪು ಸಿಕ್ಕಿದ್ರೂ ಬ್ಯೂರೆಟ್ ಗಂಟುಮೂಟೆ ಕಟ್ಟುತ್ತೆ."

ಅವತ್ತು ವಾರದ ಕೊನೆಯ ದಿನ. ಇರಬೇಕಾದ ಉಪ್ಪು ನೂರು ಪಾಲು ಅಂದರೆ, ಬ್ಯೂರೆಟ್ ಹೇಳಿದ್ದು ತೊಂಬತ್ತೈದು ಪಾಯಿಂಟ್ ಮೂರು. ಮೀಟರೂ ಅಷ್ಟೇ ಹೇಳಿತು. ತೊಂಬತ್ತೈದರ ಕೆಳಗೆ ಇಳಿದರೆ ಸರಕು ಗೇಟು ದಾಟುವ ಹಾಗಿಲ್ಲ. ಅಂತೂ ಕೂದಲೆಳೆಯಲ್ಲಿ ಪಾಸು.

"ಅಬ್ಬಾ! ಇಬ್ಬರದೂ ಒಂದೇ ಮಾತು ಅಕ್ಕಾ!" ಹುಡುಗಿಗೆ ಖುಷಿಯೋ ಖುಷಿ.

ಹನಿಯಕ್ಕ ವರದಿ ಬರೆಯಲು ಕೂತಳು. ಉಪ್ಪು ತೂಗಿ ಕರಗಿಸಿ, ಎರಡೂ ಅಳತೆಗೆ ಮಾದರಿಯಾಗಿ ಇಟ್ಟುಕೊಂಡಿದ್ದ ಉಪ್ಪು ನೀರಿನ ಬಾಟಲಿ ಎತ್ತಿ ಅದರ ತಾರೀಕು ನೋಡಿದಳು. ನಿನ್ನೆಯದು. ಮೊಮ್ಮಗಳು ಹುಟ್ಟಿದ ದಿನ. ಪೆನ್ನು ಕೆಳಗಿಟ್ಟಳು.

ತೂಗುವ ಮೊದಲು ಆ ಉಪ್ಪು ಓವನ್ನಿನಲ್ಲಿ ಎರಡು ಗಂಟೆ ಒಣಗಬೇಕು. ನಿನ್ನೆ ಅಳಿಯನ ಫೋನು ಬಂದದ್ದೇ ತಡ, ಅರ್ಧ ಗಂಟೆಗೇ ತೆಗೆದು, ತೂಗಿ, ಕರಗಿಸಿ, ಚೀಟಿ ಅಂಟಿಸಿ ಆಸ್ಪತ್ರೆಗೆ ಓಡಿದ್ದಳು. ಮಗುವಿನ ಮುಖ ನೋಡಿದ ಮೇಲೆ ಉಪ್ಪು ಯಾರಿಗೆ ನೆನಪಿರುತ್ತೆ? ಹಸಿ ಉಪ್ಪಿನ ತೂಕದಲ್ಲಿ ನೀರಿನ ತೂಕವೂ ಸೇರಿತ್ತು. ಬ್ಯೂರೆಟ್ಟಿನ ದ್ರಾವಣ ಎಷ್ಟು ಗಟ್ಟಿ ಎಂದು ಅಳೆದದ್ದು ಅದೇ ಬಾಟಲಿಯಿಂದ. ಮೀಟರಿಗೆ ಅಂಕಿ ಕಲಿಸಿದ್ದೂ ಅದೇ ಬಾಟಲಿಯಿಂದ. ಎರಡೂ ಸೇರಿ ಇಲ್ಲದ ಉಪ್ಪನ್ನು ಇದೆ ಅನ್ನುತ್ತಿದ್ದವು.

ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಫ್ಲಾಸ್ಕನ್ನೇ ಮೂರು ಸಲ ತೊಳೆದಳು. ಬಾಯಿ ಮುಚ್ಚಿಕೊಂಡರೆ ಮೇಜು ಉಳಿಯುತ್ತದೆ, ಯಾರಪ್ಪನಿಗೂ ಗೊತ್ತಾಗುವುದಿಲ್ಲ. ಕಿಟಕಿಯಾಚೆ ಆಗಲೇ ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದರು. ಮಗಳ ಕೈಗೆ ನಿನ್ನೆ ಚುಚ್ಚಿದ್ದ ಸೂಜಿ, ಮೇಲೆ ನೇತಾಡುತ್ತಿದ್ದ ಸಲೈನ್ ಬಾಟಲಿ ಕಣ್ಣಿಗೆ ಕಟ್ಟಿತು. ಥೂ ನನ್ನ ಜನ್ಮಕ್ಕಿಷ್ಟು ಅಂದುಕೊಂಡು ಎದ್ದಳು.

"ಲಾರಿ ನಿಲ್ಲಿಸಿ ಸಾರ್. ಉಪ್ಪು ಸರಿಯಾಗಿ ಒಣಗಿರ್ಲಿಲ್ಲ. ತಪ್ಪು ನಂದೇ."

ಮ್ಯಾನೇಜರ್ ಮುಖ ಹರಳೆಣ್ಣೆ ಕುಡಿದಂತಾಯಿತು. ಲಾರಿ ನಿಂತಿತು. ಹೊಸ ಉಪ್ಪು ಓವನ್ನಿಗೆ ಹೋಯಿತು. ಎರಡು ಗಂಟೆ ಹನಿಯಕ್ಕ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಸುತ್ತಿದಳು. ಉಪ್ಪು ಆರಿದ ಮೇಲೆ ತೂಗಿ, ಕರಗಿಸಿ, ಮತ್ತೆ ಎಲ್ಲ ಮೊದಲಿನಿಂದ. ಬ್ಯೂರೆಟ್ಟಿನಲ್ಲಿ ತೊಂಬತ್ನಾಲ್ಕು ಪಾಯಿಂಟ್ ನಾಲ್ಕು. ಮೀಟರಿನಲ್ಲೂ ಅಷ್ಟೇ. ಪೆಟ್ಟಿಗೆಗಳು ಕೆಳಗಿಳಿದವು.

"ನೀವು ಹೇಳಿದ್ದು ಒಳ್ಳೇದಾಯ್ತು," ಅಂದರು ಮ್ಯಾನೇಜರ್, ಅವಳ ಮುಖ ನೋಡದೆ. "ಆದ್ರೆ ಮಾತು ಅಂದ್ರೆ ಮಾತು. ನಾಳೆಯಿಂದ ನೀವು ಕಾಗದಪತ್ರ ನೋಡ್ಕೊಳ್ಳಿ."

ಹನಿಯಕ್ಕ ಬ್ಯೂರೆಟ್ ತೊಳೆದು ಬಟ್ಟೆಯಲ್ಲಿ ಸುತ್ತಿದಳು. ಅಷ್ಟರಲ್ಲಿ ಹುಡುಗಿ ಉಪ್ಪಿನ ಬಟ್ಟಲು ಹಿಡಿದುಕೊಂಡು ಬಂದಳು.

"ಅಕ್ಕಾ, ಮೀಟರಿಗೆ ನಾಳೆಯಿಂದ ಉಪ್ಪು ನಾನೇ ಒಣಗಿಸ್ಬೇಕಂತೆ. ಓವನ್ನಲ್ಲಿ ಎಷ್ಟು ಹೊತ್ತು ಇಡ್ಬೇಕು?"

"ಎರಡು ಗಂಟೆ," ಅಂದಳು ಹನಿಯಕ್ಕ. "ಮನೇಲಿ ಯಾರಿಗೆ ಹೆರಿಗೆ ಆದ್ರೂ ಎರಡು ಗಂಟೆ."