ಪಂಕ್ತಿ ತುಂಬುವ ತನಕ

ನಮ್ಮಪ್ಪ ಕೊಟ್ಟೂರಪ್ಪ ಅವ್ವನ ಜೊತೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡವಳಲ್ಲ. ಏನೇ ಹೇಳುವುದಿದ್ದರೂ ನನ್ನ ಮುಖ ನೋಡಿ, "ನಿಮ್ಮವ್ವಗ ಹೇಳು" ಅನ್ನುವನು. ಅವ್ವ ಅಲ್ಲೇ ಎರಡು ಮಾರು ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಅಷ್ಟೇ. ಕುರುಗೋಡಿನ ನಮ್ಮ ತುಂಬಿದ ಮನೆಯಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಮಾತಾಡಿಕೊಳ್ಳುವುದು ನಾಚಿಕೆಯ ಸಂಗತಿ. ನಡುವೆ ನಾನೊಬ್ಬಳು ಟಪಾಲಿನವಳು.

ಅವ್ವನ ಹೆಸರು ದೊಡ್ಡಬಸಮ್ಮ. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಸಾರಿನ ಬಕೀಟು ಅವಳ ಕೈಯಲ್ಲೇ. ನಮ್ಮ ಕಡೆ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಬಡಿಸಿ ಮುಗಿಯುವ ತನಕ ಯಾರೂ ಅನ್ನ ಮುಟ್ಟುವುದಿಲ್ಲ. ಕೊನೆಯ ಎಲೆ ತುಂಬಿದ ಮೇಲೆ ಹಿರಿಯರೊಬ್ಬರು "ಹರಹರ ಮಹಾದೇವ" ಎಂದು ಕೂಗುತ್ತಾರೆ, ಆಗ ಕೈಗಳು ಎಲೆಗೆ ಇಳಿಯುತ್ತವೆ. ಬಡಿಸುವವರಿಗೆ ಆ ಕೂಗಿಲ್ಲ. ಅವರು ಎಲ್ಲ ಮುಗಿದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ತಳ ಕೆರೆದು ಉಣ್ಣುವವರು. ಒಂದು ಮದುವೆ ಮುಗಿದ ಸಂಜೆ ಅವ್ವ ಕಾಲು ತಿಕ್ಕಿಕೊಳ್ಳುತ್ತ, ಒಂದು ಸಲವಾದರೂ ತಾನೂ ಎಲೆಯ ಮುಂದೆ ಕೂತು ಆ ಕೂಗು ಕೇಳಬೇಕು ಅಂದಳು. ನನ್ನ ಹತ್ತಿರ ಅಂದದ್ದು. ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಕಿವಿಗೂ ಬಿದ್ದಿರಬೇಕು.

ಆ ಸುಗ್ಗಿಯಲ್ಲಿ ಬಳ್ಳಾರಿಗೆ ಹತ್ತಿ ಹೇರಿಕೊಂಡು ಹೊರಡುವಾಗ ಅಪ್ಪ ನನಗೆ, "ನಿಮ್ಮವ್ವಗ ಹೇಳು, ಇಳಕಲ್ ಸೀರಿ ಉಟ್ಕೊಂಡು ಗಾಡಿ ಹತ್ತಾಕ. ಹೋಟೆಲಿನ್ಯಾಗ ಊಟ ಮಾಡೋದೈತಿ" ಅಂದ. ಅಜ್ಜಿ ಗೊಣಗಿದಳು, ಚಿಕ್ಕಮ್ಮಂದಿರು ಬಾಯಿಗೆ ಸೆರಗು ಹಚ್ಚಿ ನಕ್ಕರು. ಅವ್ವ ಮಾತ್ರ ಯಾವುದಕ್ಕೂ ಇರಲಿ ಎಂದು ಬುಟ್ಟಿಯಲ್ಲಿ ರೊಟ್ಟಿ ಕಟ್ಟಿಕೊಂಡೇ ಹತ್ತಿದಳು.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಮಂಡಿಯ ಕೆಲಸ ಮುಗಿಸಿ, ಹತ್ತಿಯ ಎಳೆ ಮೈಗೆ ಅಂಟಿಸಿಕೊಂಡೇ ನಾವು ಹೋಟೆಲಿನ ಮೆಟ್ಟಿಲು ಹತ್ತಿದೆವು. ಆಹಾ, ಅದೇನು ವೈಭವ! ತಲೆಯ ಮೇಲೆ ಗಾಳಿಯ ಪಂಖ ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ಗೋಡೆಗೆ ಆಳೆತ್ತರದ ಕನ್ನಡಿಗಳು. ಈ ಕಡೆಯೂ ಅವ್ವ, ಆ ಕಡೆಯೂ ಅವ್ವ. ಕೈ ತೊಳೆಯಲು ಹೋದರೆ ಗೋಡೆಯೊಳಗಿಂದ ನೀರು ಬಂತು. ಅವ್ವ ನಲ್ಲಿಯನ್ನು ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಬಾವಿಯಿಂದ ಕೊಡ ಹೊತ್ತು ಸವೆದ ಹೆಗಲು ಅವಳದು. ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು.

"ಇಷ್ಟು ಮಂದಿಗೆ ಗಂಡಸ್ರೇ ಅಡಿಗಿ ಮಾಡಿ, ಗಂಡಸ್ರೇ ಬಡಸ್ತಾರಲ್ಲ ತಂಗಿ," ಅಂದಳು ನನ್ನ ಕಿವಿಯಲ್ಲಿ. ದೇವರ ಗುಡಿಯೊಳಗೆ ಆಡುವ ದನಿ ಅದು.

ಉದ್ದನೆಯ ಮೇಜಿನ ಸಾಲಿನಲ್ಲಿ ಮೂವರೂ ಕೂತೆವು. ಎಲೆ ಬಂತು. ಬಡಿಸುವವನು ಅನ್ನವನ್ನು ಎತ್ತರದಿಂದಲೇ ಒಗೆದು ಹೋದ. ಇನ್ನೊಬ್ಬ ಬಂದು ಅನ್ನದ ನಡುವೆ ಗುಣಿ ಮಾಡಿಕೊಳ್ಳುವಷ್ಟೂ ಪುರುಸೊತ್ತು ಕೊಡದೆ ಸಾರು ಸುರಿದ. ಅದು ಎಲೆ ದಾಟಿ ಇಳಕಲ್ ಸೀರೆಯ ಮೇಲೆ ಹರಿಯಿತು. ಪಲ್ಯದವನು ನಮ್ಮನ್ನು ಬಿಟ್ಟು ಪಕ್ಕದವರಿಗೆ ಹಾಕಿ ನಡೆದ. ಉಪ್ಪು ಇಲ್ಲವೇ ಇಲ್ಲ. ನನಗೆ ಮೈ ಉರಿಯಿತು. ಅವ್ವನಿಗೆ ಅದೂ ಬೆರಗೇ. ಪಾಪ, ಬಹಳ ಮಂದಿಗೆ ಬಡಿಸಬೇಕಲ್ಲ, ಅವಸರ ಇರುತ್ತದೆ ಎಂದು ಬಡಿಸುವವರ ಪರ ವಹಿಸಿದಳು. ಸೆರಗು ಒರೆಸಿಕೊಂಡು, ಕೈ ತೊಡೆಯ ಮೇಲಿಟ್ಟುಕೊಂಡು, ಕೂಗಿಗಾಗಿ ಕಾಯತೊಡಗಿದಳು.

ಅಪ್ಪನೂ ಕಾದ. ನಾನೂ ಕಾದೆ. ನಮ್ಮ ಮೂವರಿಗೂ ಹೋಟೆಲಿನ ಊಟದ ರೀತಿ ಗೊತ್ತಿರಲಿಲ್ಲ. ಸಾಲಿನ ಆ ತುದಿಯಲ್ಲಿ ಒಬ್ಬನಿಗೆ ಬಡಿಸುವಷ್ಟರಲ್ಲಿ ಈ ತುದಿಯವನು ಉಂಡು ಏಳುತ್ತಿದ್ದ. ಅವನ ಜಾಗದಲ್ಲಿ ಹೊಸಬನೊಬ್ಬ ಬಂದು ಖಾಲಿ ಎಲೆಯ ಮುಂದೆ ಕೂರುತ್ತಿದ್ದ. ಪಂಕ್ತಿ ತುಂಬುವುದಾದರೂ ಹೇಗೆ? ಕೂಗುವವರು ಯಾರು? ಕೂಗಿಲ್ಲದೆ ಬಾಯಿಗೆ ತುತ್ತಿಡುವ ಆ ಮಂದಿಯನ್ನು ಅವ್ವ ಕನಿಕರದಿಂದ ನೋಡುತ್ತಿದ್ದಳು. ನಮ್ಮ ಅನ್ನ ಆರಿ ತಣ್ಣಗಾಯಿತು.

ಅಷ್ಟರಲ್ಲಿ ಬಡಿಸುವವನು ಹಿಂದಿನಿಂದ ಬಂದ. "ಊಟ ಮಾಡೋದಿಲ್ಲ ಅಂದ್ರೆ ಏಳಿ. ಜನ ನಿಂತಿದ್ದಾರೆ," ಅಂದವನೇ ಅವ್ವನ ಎಲೆಯನ್ನು ಅನ್ನದ ಸಮೇತ ಮಡಚಿ ಎಳೆದುಕೊಂಡುಬಿಟ್ಟ.

ಅಪ್ಪ ಧಡಕ್ಕನೆ ಎದ್ದ. ಮುಖ ಕೆಂಪಾಗಿ, ಹೊಡೆಯಲು ಕೈ ಎತ್ತಿದ. ಅವ್ವ ಅವನ ಅಂಗಿಯ ತುದಿ ಹಿಡಿದಳು. ನನ್ನ ಕಡೆ ತಿರುಗಿ, "ನಿಮ್ಮಪ್ಪಗ ಹೇಳು, ಪಂಕ್ತಿಯೊಳಗ ಸಿಟ್ಟು ಮಾಡಬಾರ್ದು," ಅಂದಳು. ಮೇಜಿನ ಮೇಲೆ ಎಲೆಯಿದ್ದ ಜಾಗದಲ್ಲಿ ಒದ್ದೆ ಗುರುತು ಉಳಿದಿತ್ತು. ಅವಳು ಅದನ್ನೇ ನೋಡುತ್ತ ಎದ್ದಳು. ಆ ಮುಖ ನೆನೆದರೆ ಈಗಲೂ ನನಗೆ ಆ ಹೋಟೆಲಿನ ಮೇಲೆ ಸಿಟ್ಟು ಬರುತ್ತದೆ.

ಹೊರಗೆ ಬಂದ ಮೇಲೆ ಅಪ್ಪ ಎಲ್ಲಿಗೋ ಹೋಗಿ, ಬಾಳೆ ಎಲೆಯ ಸುರುಳಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಗಾಡಿ ಊರಿನ ದಾರಿ ಹಿಡಿಯಿತು. ಅವ್ವ ಪಂಖದ ಮಾತು, ನಲ್ಲಿಯ ಮಾತು ಆಡುತ್ತಲೇ ಇದ್ದಳು. ಊಟದ ಮಾತು ತೆಗೆಯಲಿಲ್ಲ.

ಹೊತ್ತು ಇಳಿಯುವಾಗ, ಕುರುಗೋಡಿನ ಬಂಡೆಗುಡ್ಡ ಕಣ್ಣಿಗೆ ಬಿದ್ದ ಕಡೆ, ಹಳ್ಳದ ದಂಡೆಯಲ್ಲಿ ಅಪ್ಪ ಗಾಡಿ ನಿಲ್ಲಿಸಿದ. ಎತ್ತುಗಳನ್ನು ನೊಗದಿಂದ ಬಿಚ್ಚಿದ. ಮರಳಿನ ಮೇಲೆ ಕಂಬಳಿ ಹಾಸಿ, ಅದರ ಮುಂದೆ ಎರಡು ಎಲೆ ಹಾಸಿ ನೀರು ಚಿಮುಕಿಸಿದ. ಆಮೇಲೆ ಅವ್ವನ ರೊಟ್ಟಿಯ ಬುಟ್ಟಿಗೆ ಕೈ ಹಾಕಿದ. ಅವ್ವ ಗಾಬರಿಯಾಗಿ ಬುಟ್ಟಿ ಕಸಿದುಕೊಳ್ಳಲು ಬಂದಳು.

"ಬಸವ್ವ, ನೀ ಕುಂದ್ರು," ಅಂದ ಅಪ್ಪ.

ನನ್ನ ಮುಖ ನೋಡಿ ಅಲ್ಲ. ಅವಳನ್ನೇ ನೋಡಿ. ಅವ್ವ ಬುಟ್ಟಿಯ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು ಕಂಬಳಿಯ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ.

ಅಪ್ಪ ಬಗ್ಗಿ ಬಗ್ಗಿ ಬಡಿಸಿದ. ಅವನಿಗೆ ಎಲ್ಲಿ ಬರಬೇಕು ಬಡಿಸುವ ಕೆಲಸ? ಶೇಂಗಾ ಚಟ್ನಿ ಇಡುವ ಕಡೆ ರೊಟ್ಟಿ ಇಟ್ಟ, ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟ. ಎಲೆಯ ತುದಿಗೆ ಉಪ್ಪು ಹಾಕುವುದನ್ನು ಮಾತ್ರ ಮರೆಯಲಿಲ್ಲ. ಆಮೇಲೆ ಸಾಲನ್ನು ಕಣ್ಣಲ್ಲೇ ಅಳೆದ. ಇನ್ನೂ ಇಬ್ಬರು ಉಳಿದಿದ್ದರು. ಎರಡೂ ಎತ್ತುಗಳನ್ನು ಹಿಡಿದು ತಂದು ನಮ್ಮ ಸಾಲಿನ ತುದಿಗೆ ಕಟ್ಟಿ, ಅವುಗಳ ಮುಂದೆ ಜೋಳದ ಸೊಪ್ಪೆ ಹಾಕಿದ. ನನಗೆ ನಗು ಬಂತು, ಆದರೆ ಅಪ್ಪನ ಮುಖ ನೋಡಿ ನುಂಗಿಕೊಂಡೆ. ಅಪ್ಪ ರುಮಾಲು ಸರಿಮಾಡಿಕೊಂಡು, ಗುಡ್ಡದ ಕಡೆ ಮುಖ ಮಾಡಿ, ಸಾವಿರ ಮಂದಿಯ ಪಂಕ್ತಿಗೆ ಕೇಳಿಸುವ ಹಾಗೆ ಕೂಗಿದ.

"ಹರಹರ ಮಹಾದೇವ! ಸಾವಕಾಶ ಆಗ್ಲಿ."

ಬಂಡೆಗಳು ಆ ಕೂಗನ್ನು ತಿರುಗಿ ಹೇಳಿದವು. ಅವ್ವ ತಲೆ ತಗ್ಗಿಸಿ ಎಲೆಗೆ ಕೈ ಮುಗಿದಳು. ಕಣ್ಣೀರು ರೊಟ್ಟಿಯ ಮೇಲೆ ಬಿದ್ದರೂ ಒರೆಸಿಕೊಳ್ಳದೆ ಮೊದಲ ತುತ್ತು ಮುರಿದಳು. ಅವ್ವ ಊಟ ಮಾಡುವುದನ್ನು ನಾನು ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು.

ಅಪ್ಪ ಕೂರಲಿಲ್ಲ. ಬುಟ್ಟಿ ಹಿಡಿದು ಅವಳ ಎಲೆಯನ್ನೇ ನೋಡುತ್ತ ನಿಂತಿದ್ದ. ಚಟ್ನಿ ಮುಗಿಯುತ್ತ ಬಂದದ್ದು ಕಂಡು, ಅವಳು ಕೇಳುವ ಮೊದಲೇ ಬಗ್ಗಿ ಇನ್ನಷ್ಟು ಹಾಕಿದ.