ಎರಡು ಚಮಚ ಬಿಸಿ ಹಾಲು

ಅಂದು ಬೆಳಿಗ್ಗೆ ಮಾಘದ ಚಳಿ ಪುಣೆಯನ್ನು ಬಿಟ್ಟು ಹೊರಟದ್ದು, ಏನನ್ನೋ ಮರೆತವರಂತೆ ಮತ್ತೆ ಹಿಂದಿರುಗಿ ಬಂದಿತ್ತು. ಭೋಸರಿಯ ಕಾರ್ಖಾನೆಗಳ ಹೊಗೆಯೂ ಮಂಜೂ ಕಲೆತು ಎದುರು ಮನೆಯ ಬಾಗಿಲೇ ಕಾಣುತ್ತಿರಲಿಲ್ಲ. ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿತ್ತು. ರಂಗೂಬಾಯಿ ಅದನ್ನು ಒಲೆಯ ಮಗ್ಗುಲಿಗಿಟ್ಟು, ಕುಂಡದಲ್ಲಿದ್ದ ತುಳಸಿಯ ಮೇಲಿನ ಇಬ್ಬನಿಯನ್ನು ಬೆರಳಿಂದ ಮೆಲ್ಲಗೆ ಒರೆಸಿದಳು.

ಸಾವಿರದ ಒಂಬೈನೂರ ತೊಂಬತ್ತೇಳರ ಫೆಬ್ರುವರಿ. ರಂಗೂಬಾಯಿಯ ಮಗ ಮಧುಕರ, ಸೊಸೆ ನೀಲಿಮಾ ಮದುವೆಯಾಗಿ ಅಂದಿಗೆ ಹತ್ತು ವರ್ಷ. ಬೈಲಹೊಂಗಲದ ಕಡೆಯಿಂದ ಬಂದ ಈ ಮನೆತನಕ್ಕೆ ಇಲ್ಲಿ ಇದ್ದದ್ದು ಎರಡೇ ಕೋಣೆ. ಆ ಎರಡು ಕೋಣೆಯಲ್ಲಿ ಅತ್ತೆ, ಏಳು ವರ್ಷದ ಮಗಳು ಸಪ್ನಾ, ಊರಿಂದ ಬಂದು ಹೋಗುವ ನಂಟರು. ಗಂಡನೂ ತಾನೂ ಎದುರುಬದುರು ಕೂತು ಒಂದು ತುತ್ತು ತಿಂದದ್ದು ನೀಲಿಮಾಳಿಗೆ ನೆನಪಿರಲಿಲ್ಲ. ಅವನು ಉಂಡೆದ್ದ ಮೇಲೆ ಅದೇ ತಾಟಿನಲ್ಲಿ ತಾನು ಉಣ್ಣುವುದು, ಅದೇ ರೂಢಿ.

ಮರಾಠಿ ವಾರಪತ್ರಿಕೆಯೊಂದರಲ್ಲಿ ಅವಳು ಫಾಂಡ್ಯೂ ಎಂಬ ಸಿಹಿಯ ಬಗ್ಗೆ ಓದಿದ್ದಳು. ಭಾರೀ ಕೆಲಸವೇನಲ್ಲ. ಚಾಕಲೇಟು ತುರಿದು, ಬೆಣ್ಣೆ ಹಾಕಿ, ಬಿಸಿನೀರಿನ ಮೇಲಿಟ್ಟು ಕರಗಿಸಬೇಕು. ಆಮೇಲೆ ಇಬ್ಬರು ಒಂದೇ ಬೋಗುಣಿಯ ಎದುರು ಕೂತು ಹಣ್ಣಿನ ಹೋಳು ಅದ್ದಿ ಅದ್ದಿ ತಿನ್ನಬೇಕು. ಆ 'ಒಂದೇ ಬೋಗುಣಿ' ಎಂಬುದೇ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ತಿಂಗಳಿಗೊಂದರಂತೆ ಚಾಕಲೇಟಿನ ಪಟ್ಟಿ ತಂದು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಮಧುಕರ ತನ್ನ ಕಾರ್ಖಾನೆಯಲ್ಲಿ ಮಿಕ್ಕಿದ ಸ್ಟೀಲಿನ ಸರಳಿನಿಂದ, ಹೋಳು ಚುಚ್ಚಿ ಅದ್ದಲು ಎರಡು ಕಡ್ಡಿ ಮಾಡಿ ತಂದಿದ್ದ.

"ತುದಿ ಮುಟ್ಟಿ ನೋಡು. ಎಷ್ಟು ನುಣ್ಣಗದ! ನಿನ್ನ ತುಟಿಗೆ ಏನೂ ಆಗೂದಿಲ್ಲ" ಎಂದು ಕಿವಿಯ ಹತ್ತಿರ ಹೇಳಿದ್ದ.

"ಸುಮ್ನಿರ್ರಿ, ಅತ್ತ್ಯಾರು ಇದ್ದಾರ."

ಅತ್ತೆ ಕೇಳಿಸಿಕೊಂಡಿದ್ದಳು. ಮಹಾಬಳೇಶ್ವರದ ಸ್ಟ್ರಾಬೆರಿಯನ್ನು ತೊಳೆದು ಬಟ್ಟೆಯ ಮೇಲೆ ಹರವುತ್ತಿದ್ದ ಸೊಸೆಯನ್ನು ನೋಡಿ, "ಇಬ್ಬರೂ ಒಂದರೊಳಗ ಅದ್ದೂದೇನು?" ಎಂದಳು.

"ಹೌದ್ರಿ." ನೀಲಿಮಾ ಹಣ್ಣು ಹರವುತ್ತಲೇ ಇದ್ದಳು. ಎಂಜಲು, ಮೈಲಿಗೆ ಎಂಬ ಮಾತು ಈಗ ಬಂತು ಎಂದುಕೊಂಡಳು.

ಆ ಮಾತು ಬರಲಿಲ್ಲ. "ಸಂಜೀಕ ನಾನೂ ಸಪ್ನಾನೂ ವಿಠೋಬನ ಗುಡಿಗೆ ಭಜನಿಗೆ ಹೋಗತೀವಿ. ಲಗೂ ಬರೂದಿಲ್ಲ" ಎಂದಷ್ಟೇ ಹೇಳಿ ರಂಗೂಬಾಯಿ ಜಪಮಾಲೆ ಕೈಗೆತ್ತಿಕೊಂಡಳು.

ಆ ಮನೆಯಲ್ಲಿ ಒಂದು ನೇಮವಿತ್ತು. ಒಲೆಯಿಂದ ಇಳಿದದ್ದು ಏನೇ ಇರಲಿ, ರಂಗೂಬಾಯಿ ತಾಮ್ರದ ಉದ್ಧರಣೆಯಿಂದ ಅದರ ಸುತ್ತ ನೀರು ತಿರುವಿ, ತೋಯಿಸಿದ ತುಳಸಿದಳ ಹಾಕಿ ದೇವರಿಗೆ ತೋರಿಸಬೇಕು. ಆಮೇಲೆಯೇ ಊಟ. ಗಂಡ ತೀರಿಕೊಂಡ ಮೇಲೆ ಅಡಿಗೆ, ಅಂಗಡಿಯ ಸಾಮಾನು, ಬೀಗದ ಕೈ ಎಲ್ಲವನ್ನೂ ಸೊಸೆಗೆ ಬಿಟ್ಟುಕೊಟ್ಟ ಮುದುಕಿ ತನಗೆಂದು ಉಳಿಸಿಕೊಂಡದ್ದು ಆ ಪುಟ್ಟ ಚಮಚವೊಂದನ್ನೇ.

ಸಂಜೆ ಚಾಕಲೇಟು ಕರಗಿ, ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಹೊಳೆಯುತ್ತಿತ್ತು. ನೀಲಿಮಾ ಸೀರೆ ಬದಲಿಸಲು ಒಳಗೆ ಹೋದಳು. ಮುಡಿಗೆ ಹೂ ಸಿಕ್ಕಿಸಿಕೊಂಡು ಬಂದು ಸೌಟು ಆಡಿಸಿದರೆ, ಸೌಟು ತಿರುಗಲೊಲ್ಲದು. ಅಷ್ಟೂ ಚಾಕಲೇಟು ಗಂಟುಗಂಟಾಗಿ, ಒಣಗಿದ ಹೊಲದ ಹೆಂಟೆಯಂತೆ ಬಿಗಿದುಕೊಂಡಿತ್ತು. ನಡುವೆ ಒಂದು ತೊಯ್ದ ತುಳಸಿದಳ.

ರಂಗೂಬಾಯಿ ಮೊಮ್ಮಗಳ ಕೈ ಹಿಡಿದು ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಳು.

"ಅತ್ತ್ಯಾರ, ಇದಕ್ಕ ನೀರು ಹಾಕಿದ್ರೇನು?"

"ನೀರಲ್ಲವ್ವಾ, ತುಳಸಿ. ಯಾಕ, ಏನಾತು?"

"ಏನಾತು ಅಂತ ಕೇಳತೀರಲ್ಲಾ! ಹತ್ತು ವರ್ಷಕ್ಕೊಂದು ಸಂಜೀ. ಅದನ್ನೂ ನಿಮ್ಮ ಕಣ್ಣಿಗೆ ತಾಳಲಿಕ್ಕೆ ಆಗಲಿಲ್ಲ. ಇನ್ನ ಮ್ಯಾಲೆ ನಾ ಮಾಡಿದ್ದಕ್ಕ ನಿಮ್ಮ ಕೈ ಹಚ್ಚಬ್ಯಾಡ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ರಂಗೂಬಾಯಿ ಬೋಗುಣಿಯನ್ನು ನೋಡಿದಳು, ಸೊಸೆಯ ಮುಖ ನೋಡಿದಳು. ಚಪ್ಪಲಿ ಬಿಟ್ಟು ಒಳಗೆ ಬಂದು ದೇವರ ಮುಂದಿದ್ದ ಉದ್ಧರಣೆಯನ್ನು ತೊಳೆದು, ಒರೆಸಿ, ಒಲೆಯ ಕಟ್ಟೆಯ ಮೇಲಿಟ್ಟಳು.

"ಆತವ್ವಾ. ಇನ್ನ ನೀನ ಮಾಡು" ಎಂದು ಮಗುವಿನೊಡನೆ ಹೊರಟುಹೋದಳು.

ಮಧುಕರ ಬಂದಾಗ ಹೆಂಡತಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವನು ಸ್ಟೀಲಿನ ಕಡ್ಡಿಯಿಂದ ಗಂಟೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು, "ಏ, ಬರ್ಫಿ ಛಲೋ ಆಗೇದ ನೋಡು" ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ಎರಡನೆಯ ಕಡ್ಡಿ ಚಾಕಲೇಟನ್ನು ಮುಟ್ಟದೆ ಉಳಿಯಿತು.

ಅಂದಿನಿಂದ ಹತ್ತು ವರ್ಷ ಆ ಮನೆಯಲ್ಲಿ ನೈವೇದ್ಯ ನೀಲಿಮಾಳದು. ಆಮೇಲೆ ಹಿಡಿದ ನೌಕರಿಗೆ ಓಡುವ ಅವಸರದಲ್ಲಿ ಒಂದು ಸುತ್ತು ನೀರು ತಿರುವಿದರೆ ಮುಗಿಯಿತು. ರಂಗೂಬಾಯಿ ತನ್ನ ಮೂಲೆಯಲ್ಲಿ ಕೂತು, ಅಂಗೈ ಮೇಲೆ ನಾಲ್ಕು ಕಾಳು ಸಕ್ಕರೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಅವಳು ಒಂದು ದಿನವೂ ಎದುರಾಡಲಿಲ್ಲ. 'ನಾನು ಅಂದದ್ದು ಹೆಚ್ಚಾಯಿತು' ಎಂದು ನೀಲಿಮಾಳಿಗೆ ಎಷ್ಟೋ ಸಲ ಅನಿಸಿತು. ಆದರೆ ಕಾರಣವಿಲ್ಲದೆ ಅಂದೆನೇ ಎಂದು ತನ್ನನ್ನೇ ಕೇಳಿಕೊಂಡು ಸುಮ್ಮನಾಗುತ್ತಿದ್ದಳು. ತಡವಾದಷ್ಟೂ ತಪ್ಪಾಯಿತು ಎಂಬ ಮಾತು ಗಂಟುಕಟ್ಟಿಕೊಳ್ಳುತ್ತದೆ.

ಭೋಸರಿಯ ಮನೆ ಬಿಟ್ಟು ವಾಕಡದ ಫ್ಲ್ಯಾಟಿಗೆ ಬಂದರು. ಎರಡು ಸಾವಿರದ ಏಳನೆಯ ಇಸವಿ ಬಂತು. ಅಪ್ಪ ಅಮ್ಮನ ಇಪ್ಪತ್ತನೆಯ ವಾರ್ಷಿಕೋತ್ಸವಕ್ಕೆ ಕಾಲೇಜು ಹುಡುಗಿ ಸಪ್ನಾ ಫಾಂಡ್ಯೂ ಮಾಡುತ್ತೇನೆಂದು ಹೊರಟಳು. ನೀಲಿಮಾ ಬೇಡವೆಂದಳು. ಹುಡುಗಿ ಕೇಳಲಿಲ್ಲ, ಇಂಟರ್ನೆಟ್ಟಿನಿಂದ ಮುದ್ರಿಸಿ ತಂದ ಹಾಳೆಯನ್ನು ಕನ್ನಡಕ್ಕೆ ತಿರುಗಿಸುತ್ತ ಅಜ್ಜಿಗೆ ಓದಿ ಹೇಳತೊಡಗಿದಳು.

"ಕೇಳಜ್ಜಿ, ಭಾಳ ಜೋಪಾನ ಇರಬೇಕಂತ. ಕರಗಿದ ಚಾಕಲೇಟಿನೊಳಗ ನೀರಿನ ಹನಿ ಬಿದ್ದರ ಸಾಕು, ಎಲ್ಲಾ ಗಂಟಾಗಿ ಬಿಡತದಂತ."

ರಂಗೂಬಾಯಿಯ ಜಪಮಾಲೆ ನಿಂತಿತು. "ಹನಿಯೇನು?"

"ಹೂಂ. ಆದರ ಅಂಜಬ್ಯಾಡ್ರಿ ಅಂತ ಬರದಾರ. ಎರಡು ಚಮಚಾ ಬಿಸಿ ಹಾಲು ಹಾಕಿ ತಿರುವಿದರ ಮತ್ತ ಮೊದಲಿನಂಗ ಆಗತದಂತ."

"ಎರಡು ಚಮಚಾ ಹಾಲು," ಎಂದಳು ಮುದುಕಿ, ತನಗೆ ತಾನೇ. "ಅಷ್ಟರಾಗ ಮುಗೀತಿತ್ತೇನು."

ಬಾಳೆಹಣ್ಣು ಹೆಚ್ಚುತ್ತಿದ್ದ ನೀಲಿಮಾ ಈಳಿಗೆಮಣೆಯಿಂದ ಎದ್ದು ಬಂದಳು. ಅವಳ ದನಿ ಸಣ್ಣದಾಗಿತ್ತು.

"ಅತ್ತ್ಯಾರ, ಅವತ್ತು ಯಾಕ ಹಾಕಿದ್ರಿ ತುಳಸಿ?"

"ನೀವಿಬ್ಬರೂ ಒಂದ ಬೋಗುಣಿಯೊಳಗ ಅದ್ದಿ ತಿನ್ನವರಿದ್ರಿ. ಎಂಜಲಾಗತದ. ಬ್ಯಾಡ ಅನ್ನಲಿಕ್ಕೆ ನನಗ ಮನಸ್ಸು ಬರಲಿಲ್ಲ. ಪ್ರಸಾದಕ್ಕ ಎಂಜಲಿಲ್ಲವ್ವಾ. ವಿಠೋಬಗ ತೋರಿಸಿಬಿಟ್ಟರ ನೀವು ಹೆಂಗ ತಿಂದರೂ ದೋಷ ಇಲ್ಲ ಅಂದ್ಕೊಂಡೆ." ಮುದುಕಿ ಜಪಮಾಲೆ ಕೆಳಗಿಟ್ಟು ಹೇಳಿದಳು: "ನಿಮ್ಮ ಮಾವನವರು ಉಂಡೆದ್ದ ತಾಟಿನಾಗ ನಾ ಮೂವತ್ತು ವರ್ಷ ಉಂಡೆ. ಅವರ ಕೂಡ ಕೂತು ಒಂದು ದಿನಾನೂ ಉಣಲಿಲ್ಲ. ನೀನರ ಉಣ್ಣಬೇಕು ಅಂತ."

"ಆಗ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲಲ್ಲವ್ವಾ."

ಸಪ್ನಾ ಒಮ್ಮೆ ಅವರ ಮುಖ, ಒಮ್ಮೆ ಇವರ ಮುಖ ನೋಡಿ ಹಾಳೆ ಮಡಿಚಿಟ್ಟಳು.

ಸಂಜೆ ಚಾಕಲೇಟು ಕರಗಿತು. ಮಧುಕರ ಪೆಟ್ಟಿಗೆಯ ತಳದಿಂದ ಹಳೆಯ ಎರಡು ಕಡ್ಡಿ ಹುಡುಕಿ ತಂದು ಉಜ್ಜುತ್ತ ಕೂತಿದ್ದ. ಅವನ ಕೂದಲು ನರೆತಿತ್ತು, ಈಗ ಸಕ್ಕರೆ ಕಾಯಿಲೆ ಬೇರೆ. ಎರಡು ಹೋಳಿಗಿಂತ ಹೆಚ್ಚು ತಿನ್ನುವ ಹಾಗಿರಲಿಲ್ಲ. ನೀಲಿಮಾ ಒಲೆಯ ಮೇಲೆ ಒಂದು ಲೋಟ ಹಾಲು ಕಾಯಲಿಟ್ಟಳು. ಬಾಲ್ಕನಿಗೆ ಹೋಗಿ ಒಂದು ಎಸಳು ತುಳಸಿ ಕೊಯ್ದು ತಂದಳು. ದೇವರ ಮುಂದಿನ ಉದ್ಧರಣೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಳು. ಹತ್ತು ವರ್ಷ ಅವಸರದ ಕೈಯಲ್ಲಿ ಕಪ್ಪಾಗಿದ್ದ ತಾಮ್ರ ಕೆಂಪಗೆ ಬಂತು.

ಮೂಲೆಯಲ್ಲಿ ರಂಗೂಬಾಯಿ ಸಕ್ಕರೆಯ ಕಾಳಿಗಾಗಿ ಡಬ್ಬಿ ತಡಕುತ್ತಿದ್ದಳು. ನೀಲಿಮಾ ಅವಳ ಮುಂದೆ ಮೊಣಕಾಲೂರಿ ಕೂತು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಅವಳ ಅಂಗೈಯನ್ನು ಬಿಡಿಸಿ, ಉದ್ಧರಣೆಯನ್ನಿಟ್ಟು, ಒಂದೊಂದಾಗಿ ಬೆರಳು ಮಡಿಚಿದಳು.