ಶಟರಿನ ಊರುಗೋಲು

ನಾನೊಂದು ಸರ್ವೆ ಕೋಲು. ಹುಟ್ಟಿದ್ದು ತಲಕಾಡಿನ ಕಡೆಯ ಮರಳು ನೆಲದಲ್ಲಿ. ನಮ್ಮ ಜಾತಿಯ ಮರಗಳಿಗೆ ಹೂವು ಹಣ್ಣಿನ ದೌಲತ್ತಿಲ್ಲ, ನೆಟ್ಟಗೆ ಬೆಳೆಯುವುದೊಂದೇ ಗೊತ್ತು. ಆ ಒಂದು ಗುಣಕ್ಕಾಗಿಯೇ ನಮ್ಮನ್ನು ಎಳೆಯ ವಯಸ್ಸಿನಲ್ಲೇ ಕಡಿದು ಲಾರಿಗೆ ಹೇರುತ್ತಾರೆ. ಮೈಸೂರಿನ ಮರದ ಡಿಪೋಗೆ ಬಂದಿಳಿದಾಗ ನನ್ನ ಜೊತೆಯವರಲ್ಲಿ ಕೆಲವರು ಮದುವೆ ಚಪ್ಪರಕ್ಕೆ ಹೋದರು, ಕೆಲವರು ಮನೆ ಕಟ್ಟುವ ಕಡೆ ಹೋದರು. ನಾನು ಡ್ರೈವಿಂಗ್ ಸ್ಕೂಲಿಗೆ ಹೋದೆ. ನಮ್ಮ ವಂಶದಲ್ಲಿ ಶಾಲೆಯ ಮುಖ ಕಂಡವನು ನಾನೇ ಮೊದಲಿಗನಿರಬೇಕು.

ಆ ಸ್ಕೂಲು ನಡೆಸುತ್ತಿದ್ದವರು ಗುರುಮಲ್ಲಪ್ಪನವರು. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಅರೆತೋಳಿನ ಶರ್ಟು, ಜೇಬಿನಲ್ಲೊಂದು ಸೀಟಿ. ನನಗೂ ಇನ್ನು ಮೂವರಿಗೂ ಕೆಂಪು ಬಿಳಿ ಪಟ್ಟೆ ಬಳಿದು ಊರಾಚೆಯ ಬಯಲಿನಲ್ಲಿ ನಾಲ್ಕು ಮೂಲೆಗೆ ನೆಟ್ಟರು. ಕಲಿಯುವವರು ಗಾಡಿಯನ್ನು ಹಿಂದಕ್ಕೆ ತಂದು, ನಮ್ಮಲ್ಲಿ ಯಾರಿಗೂ ತಾಗಿಸದೆ ನಡುವೆ ನಿಲ್ಲಿಸಬೇಕು. ಅದು ಪಾರ್ಕಿಂಗ್ ಪಾಠ. ಅಷ್ಟು ಸುಲಭಕ್ಕೆ ಯಾರಿಗೆ ಬರುತ್ತದೆ? ಬೆಳಗಾದರೆ ನಾನು ನೆಲ ಕಚ್ಚುವುದು, ಯಾರೋ ಎತ್ತಿ ನಿಲ್ಲಿಸುವುದು, ಮತ್ತೆ ಬೀಳುವುದು. ಬಿದ್ದಾಗಲೆಲ್ಲ ಗುರುಮಲ್ಲಪ್ಪನವರು ಕಾರಿನ ಕಿಟಕಿಗೆ ಬಗ್ಗಿ ಒಂದೇ ಮಾತು ಹೇಳುತ್ತಿದ್ದರು.

“ಅದನ್ನ ಕೋಲು ಅಂದ್ಕೋಬೇಡಿ. ಮನುಷ್ಯ ಅಂದ್ಕೊಳ್ಳಿ. ಈಗ ಒಬ್ಬ ಮನುಷ್ಯನ್ನ ಬೀಳಿಸಿದ್ರಿ ನೀವು.”

ಬೈದು ಹೇಳುತ್ತಿರಲಿಲ್ಲ. ನಿಜವಾಗಿಯೂ ಯಾರೋ ಬಿದ್ದಿದ್ದಾರೆ ಎಂಬ ಸಂಕಟದಿಂದ ಹೇಳುತ್ತಿದ್ದರು. ಇನ್ನೊಂದು ಪಾಠವೂ ಇತ್ತು. ಗಾಡಿ ಹತ್ತುವ ಮುಂಚೆ ಅದರ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಅಡಿಯಲ್ಲಿ ನೋಡಿಕೊಳ್ಳಬೇಕು. ಬಗ್ಗದವರಿಗೆ ಬೀಗದ ಕೈ ಕೊಡುತ್ತಿರಲಿಲ್ಲ.

ಜಸಿಂತಾ ಕಲಿಯಲು ಬಂದದ್ದು ಆ ಕಾಲದಲ್ಲಿ. ಬ್ಲೌಸು, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುವ ಹೆಂಗಸು. ಹೊಲಿದದ್ದನ್ನು ತಾನೇ ಶಾಲೆಗಳಿಗೆ ಮುಟ್ಟಿಸಬೇಕೆಂದು ಹಳೆಯದೊಂದು ವ್ಯಾನು ಕೊಂಡಿದ್ದಳು. ಮೊದಲ ದಿನವೇ ನನ್ನ ಸೊಂಟಕ್ಕೆ ಸರಿಯಾಗಿ ಗುದ್ದಿದಳು. ಆ ತಗ್ಗು ಇವತ್ತಿಗೂ ಇದೆ. ಮಿಕ್ಕವರು ಗುದ್ದಿದರೆ ಸೀಟಿನಿಂದ ಅಲ್ಲಾಡುತ್ತಿರಲಿಲ್ಲ. ಇವಳು ಇಳಿದು ಬಂದು ನನ್ನನ್ನು ಎತ್ತಿ ನಿಲ್ಲಿಸಿ, ಸೆರಗಿನಲ್ಲಿ ಮಣ್ಣು ಒರೆಸಿ, “ತಪ್ಪಾಯ್ತು ಕಣಪ್ಪ” ಎಂದಳು. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು.

“ನಗ್ಬೇಡಿ,” ಎಂದರು ಗುರುಮಲ್ಲಪ್ಪನವರು. “ನಿಮ್ಮೆಲ್ಲರಿಗಿಂತ ಮೊದ್ಲು ಗಾಡಿ ಕಲಿಯೋದು ಈಯಮ್ಮನೇ.”

ಹಾಗೇ ಆಯಿತು. ಹೆಚ್ಚು ದಿನ ಬೇಕಾಗಲಿಲ್ಲ, ಅವಳ ವ್ಯಾನು ನನ್ನ ಪಕ್ಕದಲ್ಲಿ ಬಂದು ತೆಪ್ಪಗೆ ನಿಲ್ಲತೊಡಗಿತು. ಲೈಸೆನ್ಸು ಸಿಕ್ಕ ದಿನ ಮೈಸೂರುಪಾಕು ತಂದು ಎಲ್ಲರಿಗೂ ಹಂಚಿದಳು, ಹೋಗುವಾಗ ನನ್ನ ಮೈ ತಟ್ಟಿದಳು. ಕೋಲಿನ ಮೈ ತಟ್ಟುವವರು ಎಷ್ಟು ಜನ ಇರುತ್ತಾರೆ? ನಾನು ಮರೆಯಲಿಲ್ಲ.

ಕಾಲ ಹಾಗೇ ಇರುತ್ತದೆಯೇ. ಬಯಲನ್ನು ಸೈಟು ಮಾಡಿ ಮಾರಿದರು. ಗುರುಮಲ್ಲಪ್ಪನವರ ಕಣ್ಣಿಗೆ ಒತ್ತಡದ ಕಾಯಿಲೆ ಬಂದು ಅಕ್ಕಪಕ್ಕದ ನೋಟ ಹೋಯಿತು. ಡಾಕ್ಟರು ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದರು. ಸ್ಕೂಲಿಗೆ ಬೀಗ ಬಿತ್ತು. ನನ್ನ ಜೊತೆಯ ಮೂವರು ನೀರೊಲೆಗೆ ಹೋದರು. ನನ್ನ ಸರದಿಯೂ ಬರುತ್ತಿತ್ತೇನೋ, ಅಷ್ಟರಲ್ಲಿ ಅವರ ಮನೆಯ ಕಾರ್ ಶೆಡ್ಡಿನ ರೋಲಿಂಗ್ ಶಟರು ಕೈಕೊಟ್ಟಿತು.

ಮೇಲಕ್ಕೆ ಎಳೆದರೆ ಸುರುಳಿ ಸುತ್ತಿಕೊಳ್ಳುವ ಕಬ್ಬಿಣದ ಬಾಗಿಲು ಅದು. ಒಳಗಿನ ಸ್ಪ್ರಿಂಗು ಅದರ ಭಾರ ಹಿಡಿದಿರಬೇಕು. ಆ ಸ್ಪ್ರಿಂಗಿಗೆ ವಯಸ್ಸಾಗಿತ್ತು. ಕೆಲವು ದಿನ ಶಟರು ಮೇಲೆಯೇ ನಿಲ್ಲುತ್ತಿತ್ತು, ಕೆಲವು ದಿನ ಹೇಳದೆ ಕೇಳದೆ ದಢಾರನೆ ಬೀಳುತ್ತಿತ್ತು. ಪೂರ್ತಿ ಕೆಟ್ಟಿದ್ದರೆ ಎಷ್ಟೋ ವಾಸಿ, ಒಮ್ಮೆ ಸರಿ ಒಮ್ಮೆ ತಪ್ಪು ಎಂಬ ಈ ಬುದ್ಧಿಯೇ ಅಪಾಯ. ಗುರುಮಲ್ಲಪ್ಪನವರು ನನ್ನ ಬುಡವನ್ನು ನೆಲಕ್ಕೂ ತಲೆಯನ್ನು ಶಟರಿನ ಅಡಿಪಟ್ಟಿಗೂ ಕೊಟ್ಟು ನಿಲ್ಲಿಸಿ, “ನಾಳೆ ರಿಪೇರಿಯವನನ್ನ ಕರೆಸ್ತೀನಿ” ಎಂದರು. ನಾನು ನಿಂತಿದ್ದೆನಲ್ಲ, ಆ ನಾಳೆ ಬರಲೇ ಇಲ್ಲ. ಅಡಿಪಟ್ಟಿ ಕೂತು ಕೂತು ನನ್ನ ತಲೆಯಲ್ಲೊಂದು ಕಚ್ಚು ಕೊರೆಯಿತು, ಅದರ ನೀಲಿ ಬಣ್ಣವೂ ಅಲ್ಲಿ ಮೆತ್ತಿಕೊಂಡಿತು.

ಒಂದು ಸಲ ಅವರ ಹೆಂಡತಿ ದಾಕ್ಷಾಯಿಣಮ್ಮ ಒದ್ದೆ ಸೀರೆ ಹರವಲು ನನ್ನನ್ನು ಎತ್ತಿಕೊಂಡು ಹೋದರು. ಸೀರೆ ಹರವಿ ಮುಗಿದಿರಲಿಲ್ಲ, ಶಟರು ಬಿದ್ದು ಅಡಿಯಲ್ಲಿದ್ದ ತಗಡಿನ ಬಕೆಟ್ಟು ರೊಟ್ಟಿಯಾಯಿತು. ಗಂಡ ಹೆಂಡತಿ ಆ ಬಕೆಟ್ಟನ್ನು ನೋಡುತ್ತ ನಿಂತುಬಿಟ್ಟರು. ಅಂದಿನಿಂದ ನಾನಿಲ್ಲದೆ ಆ ಬಾಗಿಲಿನ ಕೆಳಗೆ ಯಾರೂ ಕಾಲಿಡಲಿಲ್ಲ.

ಕಾರನ್ನು ಮಾರಿದ ಮೇಲೆ ಮನೆಯನ್ನೂ ಮಾರುವ ಮಾತು ಬಂತು. ನಂಜನಗೂಡಿನಲ್ಲಿ ದಾಕ್ಷಾಯಿಣಮ್ಮನ ತಂಗಿಯ ಮನೆಯ ಪಕ್ಕದ ಭಾಗ ಖಾಲಿ ಇತ್ತು. ಮಾರುವ ಸುದ್ದಿ ಹೇಗೋ ಜಸಿಂತಾಳ ಕಿವಿಗೆ ಬಿತ್ತು. ಅವಳಿಗೆ ಮನೆಗಿಂತ ಶೆಡ್ಡಿನ ಮೇಲೆ ಕಣ್ಣು. ರಸ್ತೆಗೆ ಮುಖಮಾಡಿದ ಶೆಡ್ಡು, ಅಲ್ಲಿ ಹೊಲಿಗೆ ಅಂಗಡಿ ಇಡಬಹುದು. ಅಂದರೆ ದಿನವೂ ಆ ಶಟರು ಏಳಬೇಕು, ಇಳಿಯಬೇಕು, ಅದರ ಕೆಳಗೆ ಜನ ಓಡಾಡಬೇಕು.

ಜಸಿಂತಾ ಮನೆ ನೋಡಲು ಬರುವ ದಿನ ಬೆಳಗ್ಗೆ ದಾಕ್ಷಾಯಿಣಮ್ಮ ಗಂಡನಿಗೆ ಹೇಳಿದರು, “ರೀ, ಆ ಕೋಲು ಆಚೆ ಇಡಿ. ಬಂದೋರ ಕಣ್ಣಿಗೆ ಮೊದ್ಲು ಅದೇ ಬೀಳುತ್ತೆ.”

“ಶಟರಿನ ವಿಷ್ಯ ಹೇಳ್ಬೇಕಲ್ವಾ?”

“ಹೇಳಿ, ಯಾರು ಬೇಡ ಅಂದ್ರು? ಎದುರಿಗೆ ನಿಲ್ಲಿಸ್ಕೊಂಡು ತೋರಿಸೋದು ಬೇಡ ಅಂದೆ ಅಷ್ಟೆ.”

ನನ್ನನ್ನು ಗೋಡೆ ಬುಡದಲ್ಲಿ ಮಲಗಿಸಿದರು. ಗುರುಮಲ್ಲಪ್ಪನವರು ಶಟರಿಗೆ ಎಣ್ಣೆ ಬಿಟ್ಟು ಎತ್ತಿದರು. ಆ ಕಳ್ಳ ಶಟರು ಅವತ್ತು ಮಹಾ ಸಾಧುವಿನ ಹಾಗೆ ಮೇಲೆ ನಿಂತಿತ್ತು.

ಜಸಿಂತಾಳ ಜೊತೆ ಅವಳ ಅಣ್ಣ ಚೌರಪ್ಪ ಬಂದಿದ್ದ. ಎಚ್ಚರದ ಮನುಷ್ಯ, ಗೋಡೆಗೋಡೆಯನ್ನೂ ತಟ್ಟಿ ನೋಡುತ್ತಿದ್ದ. ಶೆಡ್ಡಿಗೆ ಬಂದವನು ತಲೆ ಎತ್ತಿ ಶಟರನ್ನು ದಿಟ್ಟಿಸಿದ.

“ಸಾರ್, ತಪ್ಪು ತಿಳ್ಕೋಬೇಡಿ. ನಮಗೆ ಗೊತ್ತಿರೋ ಎಂಜಿನಿಯರ್ ಒಬ್ರಿದ್ದಾರೆ. ಒಂದ್ಸಲ ಕರ್ಕೊಂಡ್ಬಂದು ಮನೆಯೆಲ್ಲ ತೋರಿಸ್ಬಿಡ್ತೀನಿ. ಗೋಡೆ, ವೈರಿಂಗು, ಈ ಶಟರು, ಎಲ್ಲಾನೂ.”

ನನ್ನ ಜೀವ ತಂಪಾಯಿತು. ಕರೆಸಪ್ಪ, ಇವತ್ತೇ ಕರೆಸು ಎಂದುಕೊಂಡೆ. ಆದರೆ ಜಸಿಂತಾಳ ಮುಖ ನಾಚಿಕೆಯಿಂದ ಕೆಂಪಾಯಿತು.

“ಅಣ್ಣ, ಸುಮ್ನಿರು. ಗಾಡಿ ಹತ್ತೋ ಮುಂಚೆ ಒಂದು ಸುತ್ತು ಹಾಕು ಅಂತ ಕಲಿಸಿದೋರು ಇವ್ರು. ಇವ್ರ ಮನೇನ ಇನ್ನೊಬ್ರ ಕೈಲಿ ಪರೀಕ್ಷೆ ಮಾಡ್ಸಿದ್ರೆ ನಾನು ಇವ್ರ ಮುಖ ಹೇಗೆ ನೋಡ್ಲಿ?”

ಗುರುಮಲ್ಲಪ್ಪನವರು ಬಾಯಿ ತೆರೆದರು. ಅಷ್ಟು ನಂಬಿಕೆಯ ಮಾತು ಕೇಳಿದ ಮೇಲೆ ನಿಜ ಹೇಳುವುದು ಕಷ್ಟವಾಗುತ್ತದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

“ಎಲ್ಲ ಸರಿಯಾಗಿದೆ ಕಣಮ್ಮ,” ಎಂದರು. ಆಮೇಲೆ ಕನ್ನಡಕ ತೆಗೆದು ಸುಮ್ಮನೆ ಒರೆಸತೊಡಗಿದರು.

ಬೀಗದ ಕೈ ಕೊಡುವ ಹೊತ್ತಿಗಾದರೂ ಹೇಳಿಬಿಡಬೇಕು ಎಂದು ಅವರ ಮನಸ್ಸಿನಲ್ಲಿತ್ತು. ಹಿಂದಿನ ದಿನ ನನ್ನನ್ನು ಶಟರಿನ ಪಕ್ಕದಲ್ಲೇ ಒರಗಿಸಿಟ್ಟಿದ್ದರು. ಆದರೆ ದಾಕ್ಷಾಯಿಣಮ್ಮನಿಗೆ ಮನೆಯನ್ನು ಕೊಳಕಾಗಿ ಒಪ್ಪಿಸಿದರು ಎನ್ನಿಸಿಕೊಳ್ಳುವುದಕ್ಕಿಂತ ಸಾವು ಮೇಲು. ನೆಲ ತೊಳೆದರು, ಹೊಸಿಲಿಗೆ ರಂಗೋಲಿ ಹಾಕಿದರು, ಬರಿದಾದ ಮನೆ ಕೊಡಬಾರದೆಂದು ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕೊಡ ನೀರು, ಒಂದು ಅಚ್ಚು ಬೆಲ್ಲ ಇಟ್ಟರು. ಶೆಡ್ಡನ್ನೂ ಗುಡಿಸಿ ಚೊಕ್ಕ ಮಾಡಿದರು. ಅದೇ ಭರಾಟೆಯಲ್ಲಿ ಸೊಳ್ಳೆಪರದೆಯ ಕಡ್ಡಿಗಳ ಜೊತೆ ನನ್ನನ್ನೂ ಕಟ್ಟಿ ಟೆಂಪೋಗೆ ಹಾಕಿಸಿದರು. ಅವರ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಇದ್ದಿದ್ದರೆ ನನಗೆ ಕೋಪ ಮಾಡಿಕೊಳ್ಳಲು ಒಬ್ಬರಾದರೂ ಸಿಗುತ್ತಿದ್ದರು.

ಜಸಿಂತಾ ಬೀಗದ ಕೈ ತೆಗೆದುಕೊಂಡು ಕೈಮುಗಿದಳು. ಗುರುಮಲ್ಲಪ್ಪನವರು ಟೆಂಪೋದಲ್ಲಿದ್ದ ನನ್ನನ್ನು ಅದೇ ಕ್ಷಣ ಕಂಡರು.

“ಶಟರು...” ಎಂದರು. “ಶಟರು ಸ್ವಲ್ಪ ಹಳೇದು. ನೋಡ್ಕೊಂಡು ಎತ್ತಮ್ಮ.”

“ಆಯ್ತು ಸಾರ್,” ಎಂದಳು ಅವಳು. ಹಳೇದು ಅಂದರೆ ಯಾರು ತಾನೇ ತಲೆ ಕೆಡಿಸಿಕೊಳ್ಳುತ್ತಾರೆ?

ನಂಜನಗೂಡಿನ ಹಿತ್ತಲಿನಲ್ಲಿ ನನ್ನನ್ನು ಬಚ್ಚಲ ಗೋಡೆಗೆ ಒರಗಿಸಿದ್ದರು. ಮುಖ ತೊಳೆಯಲು ಬಂದಾಗಲೆಲ್ಲ ಗುರುಮಲ್ಲಪ್ಪನವರ ಕಣ್ಣು ನನ್ನ ಮೇಲೆ ಬೀಳುತ್ತಿತ್ತು. “ನಾಳೆ ಹೋಗಿ ಬರ್ತೀನಿ,” ಎನ್ನುತ್ತಿದ್ದರು, ನನಗೋ ತಮಗೋ. ಫೋನು ಕೈಗೆ ತೆಗೆದುಕೊಳ್ಳುವುದು, ಕೆಳಗಿಡುವುದು. ದಸರಾ ರಷ್ಷು ಮುಗಿಯಲಿ ಎಂದರು. ಆಮೇಲೆ ದಾಕ್ಷಾಯಿಣಮ್ಮನಿಗೆ ಜ್ವರ ಬಂತು. ಕೊನೆಗೊಂದು ಬೆಳಗ್ಗೆ ನನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹೆಗಲಿಗಿಟ್ಟುಕೊಂಡು ಬಸ್ಸು ಹತ್ತಿಯೇಬಿಟ್ಟರು.

“ಯಜಮಾನ್ರೇ, ಈ ಕೋಲಿಗೂ ಟಿಕೆಟ್ ಕೊಡ್ಲಾ?” ಎಂದ ಕಂಡಕ್ಟರು. ಜನ ನಕ್ಕರು. ಗುರುಮಲ್ಲಪ್ಪನವರಿಗೆ ಕೇಳಿಸಲೇ ಇಲ್ಲ. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. “ಜಸಿಂತಾ, ಒಂದು ವಿಷ್ಯ ಹೇಳ್ಬೇಕಿತ್ತು ಕಣಮ್ಮ. ಮೊದ್ಲೇ ಹೇಳ್ಬೇಕಿತ್ತು.” ಬಸ್ಸು ಮೈಸೂರು ಸೇರುವಷ್ಟರಲ್ಲಿ ಆ ಮಾತು ನನಗೂ ಬಾಯಿಪಾಠವಾಗಿತ್ತು.

ಮನೆ ಮುಂದೆ ಬಂದು ನಿಂತಾಗ ಶೆಡ್ಡಿಗೆ ಹೊಸ ಶಟರು ಇತ್ತು. ಗುರುಮಲ್ಲಪ್ಪನವರ ಹೆಜ್ಜೆ ತಡೆಯಿತು. ನನ್ನನ್ನು ಬಾಗಿಲ ಪಕ್ಕಕ್ಕೆ ಒರಗಿಸಿ ಕರೆದರು. ಜಸಿಂತಾ ಹೊರಗೆ ಬಂದಳು. ಬಲಗೈ ಮಣಿಕಟ್ಟಿನವರೆಗೂ ಬ್ಯಾಂಡೇಜು.

“ಏನಮ್ಮ ಇದು?”

“ಒಳಗೆ ಬನ್ನಿ ಸಾರ್, ಕೂತ್ಕೊಳ್ಳಿ. ಹಳೇ ಶಟರು ಬಿತ್ತು. ಬಟ್ಟೆ ಗಂಟು ಎತ್ತೋಕೆ ಬಗ್ಗಿದ್ದೆ ನೋಡಿ. ಎರಡು ಬೆರಳು ಇನ್ನು ಮಡಚೋಕಾಗಲ್ಲ ಅಂದ್ರು ಡಾಕ್ಟ್ರು. ಕತ್ತರಿ ಹಿಡಿಯೋ ಕೈ ಅಲ್ವಾ, ಅದೊಂದೇ ಬೇಜಾರು.”

ಗುರುಮಲ್ಲಪ್ಪನವರು ಕುರ್ಚಿಯಲ್ಲಿ ಕೂತರು. ಅವಳು ಎಡಗೈಯಲ್ಲೇ ಕಾಫಿ ತಂದುಕೊಟ್ಟಳು. ಅವರು ಅದನ್ನು ಮುಟ್ಟಲಿಲ್ಲ.

“ಜಸಿಂತಾ, ಒಂದು ವಿಷ್ಯ...”

“ನೀವು ನೊಂದ್ಕೋಬೇಡಿ ಸಾರ್,” ಎಂದಳು ಅವಳು, ಅವರ ಮುಖ ನೋಡಲಾರದೆ. “ಅಣ್ಣ ಬಾಯಿಗೆ ಬಂದ ಹಾಗೆ ಏನೇನೋ ಅಂತಾನೆ. ನಾನು ಬೈದೆ ಅವನಿಗೆ. ಗೊತ್ತಿದ್ರೆ ಸಾರ್ ಹೇಳ್ದೆ ಇರ್ತಿದ್ರಾ ಅಂದೆ. ಹೇಳ್ತಿದ್ರಿ ಅಲ್ವಾ ಸಾರ್?”

ಬಾಗಿಲ ಹೊರಗೆ ನಾನು ಕಾಯುತ್ತಿದ್ದೆ. ಹೇಳಿ, ಈಗ ಹೇಳಿ, ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ದಿರಿ.

“ಹ್ಞೂಂ ಕಣಮ್ಮ,” ಎಂದರು ಗುರುಮಲ್ಲಪ್ಪನವರು.

ಬೀಳ್ಕೊಡಲು ಬಂದವಳು ನನ್ನನ್ನು ಕಂಡಳು. ಎಡಗೈಯಿಂದ ನನ್ನ ಸೊಂಟದ ತಗ್ಗನ್ನು ಸವರಿ, “ಇದು ನಮ್ಮ ಗ್ರೌಂಡಿನ ಕೋಲಲ್ವಾ ಸಾರ್? ನಾನು ಬೀಳಿಸಿದ್ದು. ಇದನ್ನೆಲ್ಲಿಗೆ ಎತ್ಕೊಂಡು ಹೊರಟ್ರಿ?” ಎಂದಳು.

“ನಿನಗೆ ಕೊಡೋಣ ಅಂತಾನೇ ತಂದೆ,” ಎಂದರು. ಆ ದಿನ ಆ ಮನೆಯಲ್ಲಿ ಅವರಾಡಿದ ನಿಜವಾದ ಮಾತು ಅದೊಂದೇ. ನನ್ನ ತಲೆಯ ಕಚ್ಚನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತರು. ಜಸಿಂತಾಳ ಕಣ್ಣು ತುಂಬಿ ಬಂತು. ಅವರು ಹೋದರು. ಮತ್ತೆ ಆ ಬೀದಿಗೆ ಬರಲಿಲ್ಲ.

ಅಂದಿನಿಂದ ನನ್ನ ವಾಸ ಹೊಲಿಗೆ ಅಂಗಡಿಯ ಮೂಲೆಯಲ್ಲಿ. ನಾನು ಕಾಯಬೇಕಾಗಿದ್ದ ಬಾಗಿಲ ಪಕ್ಕದಲ್ಲೇ ನಿಂತಿದ್ದೇನೆ, ಕಾಯುವ ಕೆಲಸ ಮಾತ್ರ ನನ್ನದಲ್ಲ. ಚೌರಪ್ಪ ಹಟ ಹಿಡಿದು ಹಾಕಿಸಿದ ಹೊಸ ಶಟರಿಗೆ ಒಂದು ಪುಟ್ಟ ಕಣ್ಣಿದೆ. ಅಡಿಯಲ್ಲಿ ಯಾರಾದರೂ ಸುಳಿದರೆ ತಾನೇ ನಿಂತುಬಿಡುತ್ತದೆ. ಒಳ್ಳೆಯದೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಜಸಿಂತಾ ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಕಲಿತಳು. ಮೊದಮೊದಲು ಬಟ್ಟೆ ಸೊಟ್ಟ ಹೋಗುತ್ತಿತ್ತು, ಯೂನಿಫಾರ್ಮಿನ ದೊಡ್ಡ ಕೆಲಸಗಳು ಬೇರೆಯವರ ಪಾಲಾದವು. ನನ್ನ ತಲೆಯ ಕಚ್ಚಿಗೆ ಅಳತೆಯ ಟೇಪನ್ನು ಸಿಕ್ಕಿಸುತ್ತಿದ್ದಳು. ಬಂದವರು ಕೇಳಿದರೆ ಮೆಷಿನ್ ನಿಲ್ಲಿಸಿ ಕಥೆ ಹೇಳುತ್ತಿದ್ದಳು. “ನಮ್ಮ ಸಾರ್ ಕೊಟ್ಟಿದ್ದು. ಇದನ್ನ ಕೋಲು ಅಂದ್ಕೋಬೇಡಿ, ಮನುಷ್ಯ ಅಂದ್ಕೊಳ್ಳಿ ಅಂತಿದ್ರು. ಅಂಥೋರು ಈಗ ಎಲ್ಲಿದ್ದಾರೆ?” ಆ ಮಾತು ಕೇಳಿದಾಗಲೆಲ್ಲ ನನಗೆ ನೀರೊಲೆಗೆ ಹೋದ ಆ ಮೂವರೇ ಪುಣ್ಯವಂತರು ಎನಿಸುತ್ತಿತ್ತು.

ಹೀಗಿರುವಾಗ ಚೌರಪ್ಪ ಒಂದು ದಿನ ಹೊಲಿದ ಬಟ್ಟೆ ತೂಗುಹಾಕಲು ಏನಾದರೂ ಮಾಡೋಣವೆಂದು ತಾರಸಿಯ ಮೇಲೆ ಬಿದ್ದಿದ್ದ ಹಳೆಯ ಶಟರಿನ ಅಡಿಪಟ್ಟಿಯನ್ನು ಇಳಿಸಿ ತಂದ. ಅದರ ಒಂದು ಕೊನೆಯನ್ನು ನನ್ನ ತಲೆಯ ಮೇಲಿಟ್ಟ. ಅದು ಕಚ್ಚಿನೊಳಗೆ ಕೂತಿತು, ಅಲ್ಲಾಡಲಿಲ್ಲ. ಅವನು ತೆಗೆದು ಮತ್ತೆ ಇಟ್ಟ. ಕಚ್ಚಿನಲ್ಲಿ ಮೆತ್ತಿದ್ದ ನೀಲಿಯನ್ನು ಉಗುರಿನಿಂದ ಕೆರೆದ, ಪಟ್ಟಿಯ ನೀಲಿಯನ್ನು ನೋಡಿದ.

“ಜಸಿ, ಇಲ್ಲಿ ಬಾ,” ಎಂದ. “ಗೊತ್ತಿತ್ತು ಅವ್ರಿಗೆ. ಈ ಕೋಲನ್ನ ಆಸರೆ ಕೊಟ್ಟು ನಿಲ್ಲಿಸ್ಕೊಂಡಿದ್ರು.”

ಜಸಿಂತಾ ಬಂದು ನೋಡಿದಳು. ಮಡಚಲಾರದ ಎರಡು ಬೆರಳನ್ನು ಕಚ್ಚಿನ ಮೇಲೆ ಆಡಿಸಿದಳು. ಆಮೇಲೆ ಮೆಷಿನಿನ ಮುಂದಿನ ಸ್ಟೂಲಿನ ಮೇಲೆ ಕೂತಳು.

“ಈ ಕೋಲು ತಂದ ದಿನ ಹೇಳೋಕೇ ಬಂದಿದ್ರು ಅಣ್ಣ. ಬಾಯಿ ತೆಗೆದ್ರು. ನಾನೇ ಮಧ್ಯ ಬಾಯಿ ಹಾಕ್ದೆ.”

“ನಡಿ, ನಂಜನಗೂಡಿಗೆ ಹೋಗಿ ಮುಖಕ್ಕೇ ಕೇಳೋಣ.”

“ಬೇಡ. ಹೌದು ಅಂತ ಅವ್ರ ಬಾಯಲ್ಲಿ ಕೇಳೋ ಶಕ್ತಿ ನಂಗಿಲ್ಲ.”

ಅಡಿಪಟ್ಟಿ ಗುಜರಿಗೆ ಹೋಯಿತು. ನಾನೂ ಹೋಗುತ್ತೇನೆ ಎಂದುಕೊಂಡಿದ್ದೆ, ಇಟ್ಟುಕೊಂಡಳು. ನನಗೀಗ ವಯಸ್ಸಾಗಿದೆ, ಬುಡಕ್ಕೆ ಹುಳ ಹಿಡಿದಿದೆ, ಪಟ್ಟೆಯ ಬಣ್ಣ ಉದುರಿದೆ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಂಜನಗೂಡಿನ ಆ ಬಚ್ಚಲ ಗೋಡೆ ನೆನಪಾಗುತ್ತದೆ. ಅಲ್ಲಿ ಮುಖ ತೊಳೆಯುವ ಮುದುಕರಿಗೆ ಇಲ್ಲಿ ಎಲ್ಲ ಗೊತ್ತಾಗಿದೆಯೆಂದು ಗೊತ್ತಿಲ್ಲ. ಗೊತ್ತಾಗಿದ್ದರೆ ಒಂದು ಸಲ ಅತ್ತಾದರೂ ಹಗುರಾಗುತ್ತಿದ್ದರು. ನನಗೆ ಬಾಯಿದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಬಾಯಿದ್ದವರೂ ಹೇಳಲಿಲ್ಲವಲ್ಲ ಎಂದು ಸುಮ್ಮನಾಗುತ್ತೇನೆ.

ಮೊನ್ನೆ ಹೊಸಬರೊಬ್ಬರು ಬ್ಲೌಸಿನ ಅಳತೆ ಕೊಡಲು ಬಂದವರು, “ಇದೇನ್ರೀ, ಕೆಂಪು ಬಿಳಿ ಕೋಲು?” ಎಂದು ಕೇಳಿದರು. ನಾನು ಕಥೆಗೆ ಕಿವಿಯಾದೆ. ಜಸಿಂತಾ ಮೆಷಿನ್ ನಿಲ್ಲಿಸಲಿಲ್ಲ.

“ಅದಾ? ಟೇಪು ನೇತುಹಾಕೋಕೆ ಇಟ್ಕೊಂಡಿದ್ದೀನಿ,” ಎಂದಳು.